‘ಮುತ್ತೈದೆ’ ಎಂಬ ಮಾತು

ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ಹಾದಿಯಲ್ಲಿ ಕಾಫಿತೋಟಗಳ ನಡುವೆ ಇರುವ ನಮ್ಮ ಚೆಟ್ಟಳ್ಳಿಯು ದೊಡ್ಡ ಊರೇನೂ ಅಲ್ಲ. ಆದರೆ ಇಲ್ಲಿನ ಬೀದಿಯಲ್ಲಿ ಅರ್ಧ ಗಳಿಗೆ ನಿಂತವನ ಕಿವಿಗೆ ಕೊಡವ ನುಡಿ, ಅರೆಬಾಸೆ, ಕನ್ನಡ, ಮಲೆಯಾಳ, ತಮಿಳು ಇಷ್ಟೂ ಬೀಳುವುದುಂಟು. ಇಂತಹ ಸ್ಥಳದಲ್ಲಿ ವಾಸಿಸುವವರಿಗೆ ಒಂದು ಮಾತಿನ ಪಕ್ಕದಲ್ಲಿ ಇನ್ನೊಂದನ್ನಿಟ್ಟು ತೂಗಿ ನೋಡುವ ಚಪಲವು ತಾನಾಗಿಯೇ ಹತ್ತುತ್ತದೆ. ಈ ಲೇಖನವು ಹುಟ್ಟಿದುದು ಅಂತಹ ಚಪಲದಿಂದಲೇ. ಆದರೆ ಅದಕ್ಕೆ ಕಾರಣಳಾದವಳು ಹತ್ತು ವರ್ಷದ ಒಬ್ಬ ಹುಡುಗಿ.

ನೆರೆಯಲ್ಲಿದ್ದ ಕನ್ನಡದವರ ಮನೆಯೊಂದರಲ್ಲಿ ಮದುವೆ. ಹಿಂದಿನ ದಿನ ಅರಿಸಿನ ಕುಟ್ಟುವ ಶಾಸ್ತ್ರ ನಡೆಯುತ್ತಿತ್ತು. ‘ಐದು ಮಂದಿ ಮುತ್ತೈದೆಯರು ಬನ್ನಿರಿ’ ಎಂಬ ಕರೆ ಬಂದಿತು. ಹೆಂಗಸರು ಒನಕೆಗೆ ಕೈಹಚ್ಚಿದರು. ಆ ಹುಡುಗಿಯು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿಯನ್ನು, ‘ಅಜ್ಜೀ, ಮುತ್ತೈದೆ ಅಂದರೆ ಐದು ಮುತ್ತೇ?’ ಎಂದು ಕೇಳಿದಳು. ಅಜ್ಜಿಯು ಬೆರಳು ಮಡಿಸುತ್ತ, ಅರಿಸಿನ, ಕುಂಕುಮ, ಬಳೆ, ಕರಿಮಣಿ, ಕಾಲುಂಗುರ ಎಂದು ಎಣಿಸಿದರು. ಕೂಡಲೆ ಒನಕೆಯ ಬಳಿಯಿಂದ ಒಬ್ಬಾಕೆ, ‘ಐದನೆಯದು ಕಾಲುಂಗುರವಲ್ಲ, ಹೂವು’ ಎಂದರು. ಮತ್ತೊಬ್ಬರು ಮೂಗುತಿಯ ಪಕ್ಷವನ್ನು ಹಿಡಿದರು. ಎಲ್ಲರೂ ನಕ್ಕರು; ಐದನೆಯ ಮುತ್ತು ಇತ್ಯರ್ಥವಾಗದೆಯೇ ಉಳಿಯಿತು. ಆ ಅರಿಸಿನವನ್ನು ಒಣಗಿಸಿ, ಹಸನು ಮಾಡಿ, ಒರಳಿನ ಪಕ್ಕದಲ್ಲಿ ತಂದಿಟ್ಟವರು ಆ ಅಜ್ಜಿಯೇ. ಆದರೆ ಹೊಸ್ತಿಲನ್ನು ದಾಟಿ ಅವರು ಈಚೆಗೆ ಬರಲಿಲ್ಲ. ಬರಬಾರದೆಂದು ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅವರ ಯಜಮಾನರು ತೀರಿಕೊಂಡು ಬಹು ವರ್ಷಗಳಾಗಿದ್ದುವು.

ಮುತ್ತೈದೆಯೆಂದರೆ ಗಂಡನಿರುವ ಹೆಂಗಸು ಎಂಬುದು ಎಲ್ಲರಿಗೂ ತಿಳಿದುದೇ. ಆ ಅರ್ಥವು ಆ ಅಕ್ಷರಗಳಿಗೆ ಹೇಗೆ ಬಂದಿತು? ಐದು ಮುತ್ತಿನ ಕಥೆಯು ಚೆಲುವಾಗಿದೆ. ಆದರೆ ಅದು ನಿಲ್ಲುವಂತಹುದಲ್ಲ. ಮೊದಲನೆಯದಾಗಿ, ಕನ್ನಡದಲ್ಲಿ ಎಣಿಕೆಯ ಮಾತು ಮುಂದೆ ಬರುತ್ತದೆ, ಎಣಿಸಿದ ವಸ್ತು ಹಿಂದೆ ಬರುತ್ತದೆ. ಐನೂರು, ಐಮಡಿ, ಐದು ಮುತ್ತು ಎನ್ನುತ್ತೇವೆಯೇ ಹೊರತು ‘ಮುತ್ತೈದು’ ಎಂದು ಸಮಾಸ ಮಾಡುವುದು ನಮ್ಮ ನುಡಿಯ ಜಾಯಮಾನವಲ್ಲ. ಎರಡನೆಯದಾಗಿ, ಒಂದು ಪದವು ನಿಜವಾಗಿಯೂ ಐದು ವಸ್ತುಗಳಿಂದ ಹುಟ್ಟಿದ್ದರೆ ಆ ಐದು ಯಾವುವೆಂಬುದರಲ್ಲಿ ಮನೆಮನೆಗೂ ಭೇದವಿರಬಾರದು. ಎಣಿಕೆ ಮೊದಲು ಬಂದು, ಎಣಿಸತಕ್ಕ ವಸ್ತುಗಳನ್ನು ಆಮೇಲೆ ಹುಡುಕಿದರೆ ಮಾತ್ರ ಇಂತಹ ಜಗಳವಾಗುವುದು. ಮೂರನೆಯದಂತೂ ಮುತ್ತಿನ ಹಾರವನ್ನೇ ಹರಿಯುತ್ತದೆ: ಕನ್ನಡದಲ್ಲಿ ‘ಐದೆ’ ಎಂಬ ಪದವೂ ‘ಐದೆತನ’ ಎಂಬ ಪದವೂ ಮುತ್ತಿನ ಸಂಗವಿಲ್ಲದೆಯೇ ಇವೆ. ಅವುಗಳ ಅರ್ಥವು ಮುತ್ತೈದೆ, ಮುತ್ತೈದೆತನ ಎಂದೇ. ಮುತ್ತುಗಳನ್ನು ತೆಗೆದಮೇಲೂ ಅರ್ಥವು ಕೆಡಲಿಲ್ಲವಾದರೆ, ಆ ಅರ್ಥವು ಮುತ್ತಿನಲ್ಲಿರಲಿಲ್ಲವೆಂದೇ ಅಲ್ಲವೆ?

ಹಾಗಾದರೆ ‘ಐದೆ’ ಯಾವುದು? ನಿಘಂಟುಕಾರರು ಇದನ್ನು ಸಂಸ್ಕೃತದ ‘ಅವಿಧವಾ’ ಶಬ್ದದ ತದ್ಭವವೆಂದು ಗ್ರಹಿಸಿದ್ದಾರೆ. ಮಾಲಾ ಎಂಬುದು ಮಾಲೆಯಾದಂತೆ ಕೊನೆಯ ಆಕಾರವು ಎಕಾರವಾಯಿತು. ಮಹಾಪ್ರಾಣವು ಅಲ್ಪಪ್ರಾಣವಾಗಿ ಧಕಾರವು ದಕಾರವಾಯಿತು. ಮೊದಲಿನ ‘ಅವಿ’ ಎಂಬುದು ನಾಲಗೆಯಲ್ಲಿ ಸವೆದು ‘ಐ’ ಆಯಿತು. ಉಳಿದ ವಕಾರವು ಜಾರಿಹೋಯಿತು. ಇದು ಬರಿಯ ಊಹೆಯೆನ್ನುವವರು ನೆರೆಯ ತೆಲುಗನ್ನು ನೋಡಬಹುದು. ಅಲ್ಲಿ ‘ಐದುವ’, ‘ಮುತ್ತೈದುವ’ ಎಂಬ ರೂಪಗಳಿವೆ. ನಾವು ಕಳೆದುಕೊಂಡ ವಕಾರವನ್ನು ತೆಲುಗರು ಇಟ್ಟುಕೊಂಡಿದ್ದಾರೆ. ಉತ್ತರದ ಕಡೆಗೆ ಹೋದರೆ ಇದೇ ಶಬ್ದವು ಪ್ರಾಕೃತದ ಹಾದಿ ಹಿಡಿದು ಬೇರೆ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಪ್ರಾಕೃತದಲ್ಲಿ ಧಕಾರವು ಹಕಾರವಾಗಿ ‘ಅವಿಹವಾ’ ಎಂದಾಗಿ, ಅದರಿಂದ ಮರಾಠಿಯ ‘ಅಹೇವ’ ಬಂದಿತು. ಹಿಂದಿಯ ‘ಅಹಿವಾತ’ ಎಂದರೆ ಮುತ್ತೈದೆತನ. ಅದೂ ಈ ಬಳ್ಳಿಯ ಕಾಯಿಯೇ. ಬೆಳಗಾವಿಯ ಆಚೆಯ ಅಹೇವಳಿಗೂ ನಮ್ಮ ಐದೆಗೂ ಮೂಲವೊಂದೇ ಎಂಬುದು ಕಿವಿಗೆ ತೋರುವುದಿಲ್ಲ. ಸವೆದ ನಾಣ್ಯಗಳನ್ನು ಬೆಳಕಿಗೆ ಹಿಡಿದಾಗ ಮುದ್ರೆ ಕಾಣುವಂತೆ ಕಾಣುತ್ತದೆ.

ಇನ್ನು ಮೊದಲಿನ ‘ಮುತ್ತ್’ ಎಂಬುದರ ವಿಚಾರ. ಮುತ್ತಿನಂತಹ ಐದೆಯೆಂದು ಹೇಳಿದರೆ ಲೋಪಸಂಧಿಯು ಅಡ್ಡಿ ಮಾಡುವುದಿಲ್ಲ. ಆದರೆ ನನಗೆ ಹೆಚ್ಚು ಸಮಂಜಸವಾಗಿ ತೋರುವುದು ಮುತ್ತಜ್ಜ, ಮುತ್ತಜ್ಜಿ, ಮುತ್ತಾತ ಎಂಬೀ ಮಾತುಗಳ ‘ಮುತ್ತ’. ಇದು ಮುದು, ಮುದಿ ಎಂಬವುಗಳ ಬಂಧು. ವಯಸ್ಸಾದ, ಹಿರಿಯ ಎಂಬುದು ಇದರ ಅರ್ಥ. ಬಾಳಿ ಹಿರಿಯಳಾದ ಐದೆಯೇ ಮುತ್ತೈದೆ. ಹೊಸ ಮದುಮಗಳಿಗೆ ‘ದೀರ್ಘಸುಮಂಗಲೀ ಭವ’ ಎಂದು ಹರಸುವಾಗ ಹಿರಿಯರು ಕೋರುವುದೂ ಇದನ್ನೇ: ಮುದಿತನದವರೆಗೂ ಈ ಸ್ಥಿತಿಯು ಕೆಡದಿರಲಿ ಎಂದು. ಹೀಗೆ ಕೊಂಡರೆ ಪದದ ಎರಡು ಭಾಗಗಳೂ ಕೂಡಿ ಒಂದೇ ಹರಕೆಯಾಗುತ್ತವೆ.

ಇಲ್ಲಿಗೆ ವ್ಯಾಕರಣದ ಕೆಲಸವು ಮುಗಿಯಿತು. ಆದರೆ ಒಂದು ವಿಷಯವು ಉಳಿಯುತ್ತದೆ. ಅದು ವ್ಯಾಕರಣಕ್ಕಿಂತ ಭಾರವಾದುದು. ಅವಿಧವಾ ಎಂದರೆ ವಿಧವೆಯಲ್ಲದವಳು. ನಮ್ಮ ಮಂಗಳಕಾರ್ಯಗಳಲ್ಲೆಲ್ಲ ಮೊದಲು ಕೂಗುವ ಈ ಮಾತಿನಲ್ಲಿ ಗಂಡನ ಹೆಸರಿಲ್ಲ, ಮನೆಯ ಹೆಸರಿಲ್ಲ, ಮಕ್ಕಳ ಸುಳಿವಿಲ್ಲ. ಇರುವುದು ವಿಧವೆಯೆಂಬ ಪದ, ಅದರ ಹಿಂದೊಂದು ‘ಅಲ್ಲ’. ಬೆಳಕಿಗೆ ‘ಕತ್ತಲಲ್ಲದುದು’ ಎಂದು ಹೆಸರಿಟ್ಟಂತಾಯಿತು.

ಈ ಮಾತಿನ ಹುಟ್ಟಿದ ಸ್ಥಳವನ್ನು ನೋಡಿದರೆ ಆಶ್ಚರ್ಯವು ಇನ್ನೂ ಹೆಚ್ಚುತ್ತದೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಎರಡು ಸೂಕ್ತಗಳಿವೆ. 85ನೆಯದು ಸೂರ್ಯೆಯ ವಿವಾಹಸೂಕ್ತ. ಇಂದಿಗೂ ಮದುವೆಯ ಮಂತ್ರಗಳು ಬಹುಮಟ್ಟಿಗೆ ಅಲ್ಲಿಂದ ಬಂದವು. ವಧುವನ್ನು ‘ಸುಮಂಗಲೀ’ ಎಂದು ಕರೆದಿರುವುದು ಅಲ್ಲಿ. ಬಂದವರೆಲ್ಲರೂ ಅವಳನ್ನು ನೋಡಿ ಹರಸಲೆಂದು ಆ ಮಂತ್ರವು ಕೇಳುತ್ತದೆ. ಒಳ್ಳೆಯದನ್ನು ತನ್ನೊಡನೆ ತರುವವಳು ಎಂಬ ಭಾವವು ಅಲ್ಲಿ ಎದ್ದುಕಾಣುತ್ತದೆ. 18ನೆಯದು ಅಂತ್ಯಕ್ರಿಯೆಯ ಸೂಕ್ತ. ‘ಅವಿಧವಾ’ ಎಂಬ ಮಾತು ಬಂದಿರುವುದು ಇದರ ಏಳನೆಯ ಮಂತ್ರದಲ್ಲಿ. ಸತ್ತವನ ಸುತ್ತ ನೆರೆದ ಹೆಂಗಸರಲ್ಲಿ ವಿಧವೆಯರಲ್ಲದವರು, ಒಳ್ಳೆಯ ಗಂಡಂದಿರುಳ್ಳವರು, ಕಣ್ಣಿಗೆ ಅಂಜನವಿಟ್ಟು, ಕಣ್ಣೀರಿಲ್ಲದೆ, ಮೊದಲು ಮುಂದೆ ಬರಲಿ ಎಂದು ಅದರ ತಾತ್ಪರ್ಯ. ಮದುವೆಯ ಮನೆಯ ಮಾತು ಒಂದು, ಮಸಣದ ಮಾತು ಒಂದು. ನಮ್ಮ ಜನವು ಶಾಸ್ತ್ರದ ಹರಕೆಗೆ ಮೊದಲನೆಯದನ್ನು ಇಟ್ಟುಕೊಂಡು, ದಿನಬಳಕೆಯ ನಾಲಗೆಗೆ ಎರಡನೆಯದನ್ನು ತಂದುಕೊಂಡಿತು. ಅಂದಿನ ಸಾವುನೋವುಗಳನ್ನು ನೆನೆದರೆ ಇದು ಸಹಜವೆಂದೇ ತೋರೀತು. ಹೋಗಬಹುದಾದುದನ್ನು ಹೋಗಿಲ್ಲವೆಂದು ಹೇಳಿಕೊಳ್ಳುವುದರಲ್ಲಿ ಒಂದು ಸಮಾಧಾನವಿದ್ದೇ ಇದೆ.

ಆ ಏಳನೆಯ ಮಂತ್ರಕ್ಕೆ ಮುಂದೆ ಬಂದ ಗತಿಯನ್ನು ಹೇಳದೆ ಮುಂದುವರಿಯಲಾಗದು. ಅದರ ಕೊನೆಯಲ್ಲಿ ‘ಅಗ್ರೇ’ ಎಂದಿದೆ. ಮೊದಲು, ಮುಂದೆ ಎಂದು ಅರ್ಥ. ಸಹಗಮನಕ್ಕೆ ವೇದಪ್ರಮಾಣವನ್ನು ಹುಡುಕಿದವರು ಇದನ್ನು ‘ಅಗ್ನೇಃ’ ಎಂದು ಓದಿ, ಹೆಂಗಸರು ಬೆಂಕಿಯನ್ನು ಹೊಗಲಿ ಎಂಬ ವಿಧಿಯನ್ನಾಗಿ ಮಾಡಿದರು. ಈ ಪಾಠವು ತಪ್ಪೆಂಬುದನ್ನು 19ನೆಯ ಶತಮಾನದ ನಡುವಿನಲ್ಲಿ ಎಚ್. ಎಚ್. ವಿಲ್ಸನ್, ಮ್ಯಾಕ್ಸ್ ಮುಲ್ಲರ್ ಮೊದಲಾದ ವಿದ್ವಾಂಸರು ತೋರಿಸಿಕೊಟ್ಟರು. ಅಕ್ಷರವನ್ನು ಬಿಟ್ಟು ಅರ್ಥವನ್ನು ನೋಡಿದ್ದರೂ ಸಾಕಾಗಿತ್ತು: ಆ ಮಂತ್ರವು ಹೇಳುತ್ತಿರುವುದು ಅವಿಧವೆಯರ ವಿಷಯ. ಗಂಡನಿರುವವರನ್ನು ಚಿತೆಗೆ ಹತ್ತಿಸುವುದುಂಟೆ? ವಿಧವೆಯನ್ನು ಕುರಿತುದು ಅದರ ಮುಂದಿನ ಮಂತ್ರ. ಅದು ಸತ್ತವನ ಪಕ್ಕದಲ್ಲಿ ಒರಗಿದವಳನ್ನು ಏಳೆಂದೂ ಬದುಕಿರುವವರ ಲೋಕಕ್ಕೆ ಬಾ ಎಂದೂ ಕರೆಯುತ್ತದೆ. ಒಂದು ಅಕ್ಷರದ ವ್ಯತ್ಯಾಸದಿಂದ ಇಷ್ಟಾಯಿತೆಂದು ನಾನು ಹೇಳುವುದಿಲ್ಲ. ಆಚಾರವು ಮೊದಲೇ ಇತ್ತು, ಅಕ್ಷರವನ್ನು ಆಮೇಲೆ ಅದಕ್ಕೆ ಬಗ್ಗಿಸಿದರು.

ಆ ಆಚಾರದ ಗುರುತುಗಳು ನಮ್ಮ ಸುತ್ತಲೂ ಕಲ್ಲಿನಲ್ಲಿ ನಿಂತಿವೆ. ಕೊಡಗಿನ ಪೂರ್ವಕ್ಕಿರುವ ಹೆಗ್ಗಡದೇವನಕೋಟೆಯ ಸೀಮೆಯ ಬೆಳತೂರಿನಲ್ಲಿ 1057ನೆಯ ಇಸವಿಯ ಪ್ರಸಿದ್ಧ ಶಾಸನವಿದೆ. ತಲಕಾಡಿನಲ್ಲಿ ರಾಜಾಜ್ಞೆಯಿಂದ ಗಂಡನು ಮಡಿದ ವಾರ್ತೆಯನ್ನು ಕೇಳಿದ ದೇಕಬ್ಬೆಯು, ತಂದೆತಾಯಿಗಳು ತಡೆದರೂ ಬಿಡದೆ ಬೆಂಕಿಯನ್ನು ಹೊಕ್ಕಳೆಂದು ಅದು ತಿಳಿಸುತ್ತದೆ. ಕನ್ನಡನಾಡಿನ ಮಾಸ್ತಿಕಲ್ಲುಗಳಲ್ಲಿ ಮೊಳಕೈ ಮಡಿಸಿ ಮೇಲೆತ್ತಿದ ಒಂದು ತೋಳನ್ನು ಕೆತ್ತುವುದು ರೂಢಿ. ಆ ತೋಳಿನಲ್ಲಿ ಬಳೆಗಳು ಹಾಗೆಯೇ ಇರುತ್ತವೆ. ಸತ್ತರೂ ಬಳೆ ಒಡೆಯಲಿಲ್ಲ, ಐದೆತನ ಅಳಿಯಲಿಲ್ಲ ಎಂಬುದು ಆ ಕಲ್ಲಿನ ಮಾತು. ಅವಿಧವೆಯಾಗಿ ಉಳಿಯುವುದಕ್ಕೆ ಇಷ್ಟು ಬೆಲೆ ತೆತ್ತವರಿದ್ದರು. ಐದೆಯೆಂಬ ಮಾತಿನ ಹಿಂದಿನ ‘ಅಲ್ಲ’ವು ಎಷ್ಟು ಭಾರವಾದುದೆಂಬುದನ್ನು ತಿಳಿಯಬೇಕಾದವರು ನಿಘಂಟನ್ನಲ್ಲ, ಆ ತೋಳನ್ನು ನೋಡಬೇಕು.

‘ವಿಧವಾ’ ಶಬ್ದದ ಕಥೆಯೂ ಸ್ವಾರಸ್ಯವಾದುದೇ. ಧವ ಎಂದರೆ ಗಂಡ, ಧವನಿಲ್ಲದವಳು ವಿಧವೆ ಎಂದು ನಾವು ಪಾಠಶಾಲೆಯಲ್ಲಿ ಕಲಿತೆವು. ಅಮರಕೋಶದಲ್ಲಿಯೂ ಗಂಡನ ಹೆಸರುಗಳಲ್ಲಿ ಧವ ಶಬ್ದವಿದೆ. ಯಾಸ್ಕನು ನಿರುಕ್ತದಲ್ಲಿ ಹೇಳಿರುವ ಹಲವು ನಿಷ್ಪತ್ತಿಗಳಲ್ಲಿ ಇದೂ ಒಂದು. ಆದರೆ ಲ್ಯಾಟಿನಿನ ವಿದುವಾ, ರಷ್ಯನ್ನಿನ ವ್ದೊವಾ, ಜರ್ಮನಿನ ವಿಟ್ವೆ, ಇಂಗ್ಲಿಷಿನ ವಿಡೊ ಇವೆಲ್ಲವೂ ವಿಧವೆಯ ಸೋದರಿಯರು. ಅಲ್ಲೆಲ್ಲಿಯೂ ಧವನ ಸುಳಿವಿಲ್ಲ. ಬರಿದಾಗು, ಅಗಲು ಎಂಬರ್ಥದ ಒಂದು ಹಳೆಯ ಧಾತುವಿನಿಂದ ಬಂದ ಅಖಂಡ ಪದವನ್ನು ನಮ್ಮವರು ‘ವಿ’ ಎಂದೂ ‘ಧವ’ ಎಂದೂ ಸೀಳಿದರು. ಸೀಳಿದಾಗ ಕೈಗೆ ಬಂದ ತುಂಡಿಗೆ ಗಂಡನೆಂಬ ಅರ್ಥವನ್ನು ಕೊಟ್ಟರು. ಹೀಗೆ ಹೆಂಡತಿಯ ವೈಧವ್ಯದಿಂದ ಗಂಡನಿಗೊಂದು ಹೆಸರು ಹುಟ್ಟಿತು! ಮಾಧವನೆಂದರೆ ‘ಮಾ’ ಎಂಬ ಲಕ್ಷ್ಮಿಯ ಧವನೆಂದು ಹೇಳುವುದು ಈ ಹೊಸ ಪದದ ಆಧಾರದಿಂದಲೇ. ಐದೆಯಲ್ಲಿ ಐದನ್ನು ಕಂಡ ನಮ್ಮ ಹಳ್ಳಿಯ ಹೆಂಗಸರನ್ನು ಪಂಡಿತರು ನಗುವಂತಿಲ್ಲ. ಕೋಶಕಾರರ ಕಾಲಕ್ಕೂ ಹಿಂದೆಯೇ ದೊಡ್ಡವರು ಅದೇ ಕೆಲಸವನ್ನು ಮಾಡಿದ್ದಾರೆ. ಮುತ್ತೈದೆಯರು ಐವರೇ ಇರಬೇಕೆಂಬ ನಿಯಮಕ್ಕೆ ಬಲ ಬಂದುದೂ ಈ ಪದದ ಧ್ವನಿಯಿಂದಲೇ ಇರಬಹುದೆಂಬ ಸಂದೇಹ ನನಗುಂಟು.

ಈ ಗುಂಪಿನ ಬೇರೆ ಮಾತುಗಳೆಲ್ಲ ಇಷ್ಟು ಹೆದರಿದವುಗಳಲ್ಲ. ತಮಿಳಿನಲ್ಲಿ ‘ವಾಳ್ವರಸಿ’ ಎನ್ನುತ್ತಾರೆ, ಬಾಳಿನ ಅರಸಿ ಎಂದು. ಕೊರಳಿನ ಕಟ್ಟನ್ನು ಹಿಡಿದು ‘ಕಟ್ಟುಕ್ಕಳುತ್ತಿ’ ಎಂಬುದೂ ಅಲ್ಲಿದೆ. ನಮ್ಮಲ್ಲಿ ಕಿವಿಯೋಲೆಯನ್ನು ಹಿಡಿದು ಓಲೆಭಾಗ್ಯವೆನ್ನುವುದುಂಟು. ಹೆಂಡತಿಯೆಂಬುದಂತೂ ಹಳಗನ್ನಡದ ‘ಪೆಣ್’ ಎಂಬುದರಿಂದ ಬಂದ ಪೆಂಡತಿ; ಅದರಲ್ಲಿ ಹೆಣ್ಣುತನವನ್ನು ಬಿಟ್ಟು ಬೇರೇನೂ ಇಲ್ಲ. ಇದೇ ಪದವು ಕೊಡವ ನುಡಿಯಲ್ಲಿ ‘ಪೊಣ್ಣ್’ ಎಂದಾಗಿ, ಹೆಂಗಸು ಎಂಬುದಕ್ಕೂ ಹೆಂಡತಿ ಎಂಬುದಕ್ಕೂ ಒಂದೇ ಮಾತಾಗಿ ನಿಂತಿದೆ.

‘ಸುವಾಸಿನಿ’ ಎಂಬುದನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಇಂದು ಇದು ಮುತ್ತೈದೆಗೆ ಪರ್ಯಾಯಪದ. ಅಮರಕೋಶದಲ್ಲಿ ಇದರ ಜೊತೆಗಿರುವ ಶಬ್ದ ‘ಚಿರಿಂಟೀ’. ವ್ಯಾಖ್ಯಾನಕಾರರು ತಂದೆಯ ಮನೆಯಲ್ಲಿರುವ ಹೆಣ್ಣುಮಗಳೆಂದು ವಿವರಿಸುತ್ತಾರೆ. ‘ಸ್ವವಾಸಿನೀ’ ಎಂಬ ಪಾಠವೂ ಇದೆ. ತನ್ನವರಲ್ಲಿ ವಾಸಿಸುವವಳು ಎಂದರ್ಥ. ತವರಿನಲ್ಲಿರುವ ಮಗಳಿಗೆ ಹೇಳಿದ ಮಾತು ಬರಬರುತ್ತ ಗಂಡನಿರುವವಳಿಗೆ ನಿಂತಿತು. ಮನುವು ಅತಿಥಿಗಳಿಗಿಂತ ಮೊದಲೇ ಊಟವಿಕ್ಕಬೇಕಾದವರ ಪಟ್ಟಿಯಲ್ಲಿ ಸುವಾಸಿನಿಯರನ್ನೂ ಕುಮಾರಿಯರನ್ನೂ ರೋಗಿಗಳನ್ನೂ ಗರ್ಭಿಣಿಯರನ್ನೂ ಸೇರಿಸಿದ್ದಾನೆ. ಅಲ್ಲಿ ಅಕ್ಕರೆಯು ಕಾಣುತ್ತದೆ. ಶಕುನದ ಲೆಕ್ಕವು ಕಾಣುವುದಿಲ್ಲ.

ತವರಿನ ಮಾತು ಬಂದುದರಿಂದ ಕೊಡಗಿನ ಪದ್ಧತಿಯನ್ನು ಹೇಳಬಹುದು. ಕೊಡವರ ಮದುವೆಯಲ್ಲಿ ಪುರೋಹಿತನಿಲ್ಲ. ಹಿರಿಯರು ಅಕ್ಕಿ ಎರಚಿ, ಹಾಲು ಕುಡಿಸಿ ಹರಸುತ್ತಾರೆ. ‘ಸಂಬಂಧ ಅಡ್ಕುವ’ ಎಂಬ ಕ್ರಮದಲ್ಲಿ ಎರಡು ಒಕ್ಕಗಳ ಅರುವರು ಎದುರುಬದುರು ನಿಂತು, ಹೆಣ್ಣಿಗೆ ಹೊಸ ಮನೆಯಲ್ಲಿರುವ ಹಕ್ಕನ್ನು ಪ್ರಶ್ನೋತ್ತರ ರೂಪವಾಗಿ ನುಡಿದು ಸ್ಥಿರಪಡಿಸುತ್ತಾರೆ. ಕಲ್ಲಿನ ಹರಳುಗಳು ಅದರ ಸಾಕ್ಷಿಯಾಗಿ ಕೈಯಿಂದ ಕೈಗೆ ಹೋಗುತ್ತವೆ. ಮದುವೆಯಾದವಳ ಕೊರಳ ಗುರುತಾದ ಪತ್ತಾಕನ್ನು ಕಟ್ಟುವವನು ವರನಲ್ಲ, ವಧುವಿನ ತಾಯಿ. ತಾಯಿ ಕಟ್ಟಿದುದಕ್ಕೂ ಗಂಡ ಕಟ್ಟಿದುದಕ್ಕೂ ಇರುವ ಅಂತರವನ್ನು ಓದುವ ಮಹಿಳೆಯರಿಗೆ ನಾನು ವಿವರಿಸಬೇಕಾಗಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯಲ್ಲಿ ಈ ನಾಡಿನ ಪದ್ಧತಿಗಳನ್ನೂ ಹಾಡುಗಳನ್ನೂ ಕೂಡಿಸಿದ್ದಾರೆ, ಅದನ್ನು ಮನೆಯಲ್ಲಿಟ್ಟುಕೊಂಡವರು ತೆಗೆದು ನೋಡಬಹುದು.

ಕೊಡವ ನುಡಿಯಲ್ಲಿ ಮದುವೆಗೆ ‘ಮಂಗಲ’ವೆಂದೇ ಹೆಸರು. ಆದರೆ ಆ ಮಾತು ಮದುವೆಯೊಂದಕ್ಕೇ ಮೀಸಲಲ್ಲ. ಕನ್ಯೆಯ ಮದುವೆಯು ಕನ್ನಿಮಂಗಲ. ಹುಲಿಯನ್ನು ಕೊಂದ ವೀರನನ್ನು ಕುಳ್ಳಿರಿಸಿ ಹಿಂದೆ ಮಾಡುತ್ತಿದ್ದುದು ನರಿಮಂಗಲ. ಕೊಡವರಿಗೆ ನರಿಯೆಂದರೆ ಹುಲಿ, ಬಯಲುಸೀಮೆಯವರು ನಗಬಾರದು. ಹತ್ತು ಮಕ್ಕಳ ತಾಯಿಗೆ ‘ಪೈತಾಂಡೆಕ್ ಅಳ್ಪ’ ಎಂಬ ಮಂಗಲವಾಗುತ್ತಿತ್ತು. ವಿಧವೆಯು ಮತ್ತೆ ಮದುವೆಯಾದರೆ ಅದು ಕೂಡಾವಳಿ ಮಂಗಲ. 1856ರಲ್ಲಿ ವಿಧವಾವಿವಾಹದ ಕಾನೂನು ಬಂದಾಗ ದೇಶದ ಬೇರೆಡೆಗಳಲ್ಲಿ ಎಷ್ಟು ಕೋಲಾಹಲವಾಯಿತೆಂಬುದನ್ನು ಓದಿದವರು, ಈ ಬೆಟ್ಟಗಳ ಜನರಲ್ಲಿ ಅದಕ್ಕೆ ರೂಢಿಯ ಹೆಸರೇ ಇದ್ದುದನ್ನು ಗಮನಿಸಬೇಕು. ಎಂ. ಎನ್. ಶ್ರೀನಿವಾಸರು ಕೊಡವರನ್ನು ಕುರಿತು 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಮಂಗಲಗಳನ್ನು ವಿಸ್ತಾರವಾಗಿ ವಿಚಾರಿಸಿದ್ದಾರೆ. ಇಲ್ಲಿಯೂ ವಿಧವೆಯನ್ನು ಮಂಗಲಕ್ಕೆ ಸಲ್ಲದವಳೆಂದು ಎಣಿಸುತ್ತಿದ್ದರೆಂಬುದನ್ನು ಮರೆಮಾಚಲಾಗದು. ಆದರೂ ಮಾತಿನ ಮಟ್ಟಿಗೆ, ಮಂಗಲವೆಂಬುದು ಒಬ್ಬ ವ್ಯಕ್ತಿಯು ಗಳಿಸಿದ ಅಥವಾ ಏರಿದ ಒಂದು ಪದವಿಗೆ ಸಲ್ಲುವ ಮರ್ಯಾದೆಯಾಗಿ ಉಳಿಯಿತು. ಇನ್ನೊಬ್ಬರ ಪ್ರಾಣದ ಮೇಲೆ ನಿಂತ ಭಾಗ್ಯವಾಗಿ ಕುಗ್ಗಲಿಲ್ಲ.

ಕನ್ನಡದಲ್ಲಿ ಕುಗ್ಗಿತು. ಲಗ್ನಪತ್ರಿಕೆಯ ‘ಚಿ. ಸೌ.’ ಎಂಬುದನ್ನು ಎಲ್ಲರೂ ಬಲ್ಲರು. ಮರಾಠಿ ನಾಡಿನಲ್ಲಿಯೂ ಅದರ ನೆರೆಯ ನಮ್ಮ ಜಿಲ್ಲೆಗಳಲ್ಲಿಯೂ ಹಳಬರು ವಿಧವೆಯ ಹೆಸರಿನ ಹಿಂದೆ ‘ಗಂ. ಭಾ.’ ಎಂದು ಬರೆಯುತ್ತಿದ್ದರು. ಗಂಗಾಭಾಗೀರಥಿ ಎಂಬುದರ ಸಂಕ್ಷೇಪ. ಕಾಗದದ ಮೇಲಣ ವಿಳಾಸವನ್ನು ಓದಿದ ಅಂಚೆಯವನಿಗೂ ಆ ಮನೆಯ ಸ್ಥಿತಿಯು ತಿಳಿಯುತ್ತಿತ್ತು. ಗಂಡಸಿನ ಹೆಸರಿನ ಹಿಂದೆ ಅವನ ಹೆಂಡತಿ ಇರುವಳೋ ಇಲ್ಲವೋ ಎಂಬುದನ್ನು ತಿಳಿಸುವ ಅಕ್ಷರಗಳು ಯಾವ ಭಾಷೆಯಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ತಲೆ ಬೋಳಿಸಿದವಳೆಂಬ ಅರ್ಥದ ‘ಮುಂಡೆ’ಯಂತೂ ಜಗಳದ ಬೈಗುಳವಾಗಿ, ಗಂಡನಿರುವವರ ಮೇಲೂ ಬೀಳುತ್ತದೆ.

ಮದುವೆ ಕಳೆದು ಕೆಲವು ದಿನಗಳಾದಮೇಲೆ ಆ ಹುಡುಗಿಗೆ ಉತ್ತರ ಕೊಡಬೇಕೆಂದು ಅವರ ಮನೆಗೆ ಹೋದೆನು. ಐದು ಮುತ್ತಿಲ್ಲವೆಂದು ಕೇಳಿ ಅವಳಿಗೆ ನಿರಾಶೆಯಾಯಿತು, ಆಟಕ್ಕೆ ಓಡಿಹೋದಳು. ಅಜ್ಜಿ ಮಾತ್ರ ಕುಳಿತು ಕೇಳಿದರು. ಅವಿಧವಾ, ಅವಿದವೆ, ಐದವೆ, ಐದೆ ಎಂದು ನಾನು ಕಾಗದದಲ್ಲಿ ಒಂದರ ಕೆಳಗೊಂದನ್ನು ಬರೆದು ತೋರಿಸಿದೆನು. ಅವರು ಕನ್ನಡಕವನ್ನು ಹಾಕಿಕೊಂಡು ಬಹಳ ಹೊತ್ತು ನೋಡಿ, ಮೊದಲಿನ ಸಾಲಿನ ‘ಅ’ಕಾರವನ್ನು ಹೆಬ್ಬೆರಳಿನಿಂದ ಮುಚ್ಚಿದರು. ‘ಹಾಗಾದರೆ ಅವರು ಕೂಗಿದ ಮಾತಿನಲ್ಲಿ ನಾನೂ ಇದ್ದೆ ಅನ್ನಿ’ ಎಂದರು. ಇದ್ದಿರಿ ಎಂದೆನು. ಬೆರಳನ್ನು ತೆಗೆದು, ಕಾಗದವನ್ನು ಮಡಿಸಿ ಪಂಚಾಂಗದೊಳಗೆ ಇಟ್ಟುಕೊಂಡು, ಕಾಫಿ ತರುವೆನೆಂದು ಒಳಕ್ಕೆ ಹೋದರು.